ಯಾರೂ ಕೈ ಎತ್ತದ ಅಧ್ಯಾಯ

ಹಲ್ಲಿನ ಡಾಕ್ಟರು ಕಾದಂಬರಿ ಬರೆಯುತ್ತಿದ್ದಾರೆ ಎನ್ನುವ ಸುದ್ದಿ ಮೊದಲು ನೆಂಟರಿಷ್ಟರಿಗೆ ಮುಟ್ಟಿತು. ಆಮೇಲೆ ನೆಂಟರಿಷ್ಟರು ಬರುವುದು ಕಡಿಮೆಯಾಯಿತು.

ಅವರನ್ನು ದೂರುವಂತಿಲ್ಲ. ಅರ್ಧ ಬರೆದದ್ದನ್ನು ನಾಲ್ಕು ಜನರ ಮುಂದಿಟ್ಟು, ಅವರು ಏನೆನ್ನುತ್ತಾರೋ ಕೇಳಿ, ತಿದ್ದಿಕೊಂಡು ಮುಂದೆ ಹೋಗುವುದು ಒಳ್ಳೆಯ ಕ್ರಮವೆಂದು ಡಾಕ್ಟರು ಯಾವುದೋ ಪತ್ರಿಕೆಯಲ್ಲಿ ಓದಿದ್ದರು. ಅವರ ಕಸುಬಿಗೂ ಅದು ಒಪ್ಪುವ ಮಾತೇ. ಹಲ್ಲಿಗೆ ಕ್ಯಾಪ್ ಕೂರಿಸುವವರು ಏನು ಮಾಡುತ್ತಾರೆ? ಒಮ್ಮೆ ಇಟ್ಟು, ಕಚ್ಚಿಸಿ, ಎತ್ತರ ಅನ್ನಿಸುತ್ತದೆಯೇ ಎಂದು ಕೇಳಿ, ಉಜ್ಜಿ, ಮತ್ತೆ ಕಚ್ಚಿಸುತ್ತಾರೆ. ಕಚ್ಚಿ ನೋಡದ ಬಾಯಿಗೆ ಯಾರೂ ಗಮ್ ಹಾಕುವುದಿಲ್ಲ. ಹಾಗೆ ತಮ್ಮ ಕಾದಂಬರಿಯನ್ನೂ ನಾಲ್ಕು ಜನ ಕಚ್ಚಿ ನೋಡಲಿ ಎಂದು ಡಾಕ್ಟರು ಪ್ರತಿಗಳನ್ನು ಮಾಡಿಸಿ, ಸುರುಳಿ ತಂತಿ ಹಾಕಿಸಿ, ಮನೆಗೆ ಬಂದವರ ಕೈಗೆಲ್ಲ ಒಂದೊಂದು ಕೊಟ್ಟು ಕಳಿಸಿದರು.

ಭಾವಮೈದ ಬಹಳ ಕಾಲದ ಮೇಲೆ ತಂದುಕೊಟ್ಟು, ಕಾಗದ ಒಳ್ಳೆ ದಪ್ಪ ಇದೆ ಅಂದ. ಚಿಕ್ಕಮ್ಮ ಅಕ್ಷರ ಮುತ್ತಿನ ಹಾಗಿದೆ ಎಂದು ಮೆಚ್ಚಿದರು. ಅದು ಕಂಪ್ಯೂಟರಿನ ಅಕ್ಷರವಾಗಿತ್ತು. ಜೊತೆಯಲ್ಲಿ ಓದಿದ ಗೆಳೆಯ ಸಿಕ್ಕಾಗಲೆಲ್ಲ ‘ಓದ್ತಾ ಇದೀನಿ’ ಅಂದು, ಕೊನೆಗೆ ಸಿಗುವುದನ್ನೇ ಬಿಟ್ಟ. ಮೇಲಿನ ಮನೆಯ ಆಡಿಟರು ಮಾತ್ರ ಪೂರ್ತಿ ನೋಡಿದ್ದರು. ಪುಟಸಂಖ್ಯೆ ಎರಡು ಕಡೆ ತಪ್ಪಿದೆ ಎಂದು ಕೆಂಪಿನಲ್ಲಿ ಗುರುತು ಹಾಕಿ ಕೊಟ್ಟರು.

ಹೆಂಡತಿಯನ್ನು ಕೇಳಬಹುದಿತ್ತು. ಆಕೆ ದವಾಖಾನೆಯ ಮುಂದಿನ ಕೋಣೆಯಲ್ಲಿ ಕೂತು ಬಂದವರನ್ನು ಸಾಲಾಗಿ ಕೂರಿಸಿ, ಫೋನು ಎತ್ತಿ, ಸಮಯ ಕೊಟ್ಟು ಕಳಿಸುವವಳು. ಓದುವ ಅಭ್ಯಾಸವೂ ಇತ್ತು. ಆದರೆ ಗಂಡನ ಕಾದಂಬರಿಯನ್ನು ಮುಟ್ಟಲೊಲ್ಲಳು. ಚೆನ್ನಾಗಿದೆ ಅಂದರೂ ಹೆಂಡತಿ ಅಲ್ವಾ ಅಂತೀರಿ, ಚೆನ್ನಾಗಿಲ್ಲ ಅಂದರೂ ಹೆಂಡತಿ ಅಲ್ವಾ ಅಂತೀರಿ, ನನ್ನನ್ನ ಬಿಟ್ಟುಬಿಡಿ ಎನ್ನುವುದು ಆಕೆಯ ವಾದ.

ಆದರೂ ಕಾದಂಬರಿಯ ಹಣೆಬರಹ ಇದ್ದದ್ದು ಆಕೆಯ ಕೈಯಲ್ಲೇ. ಡಾಕ್ಟರಿಗೆ ಮಧ್ಯಾಹ್ನದ ಹೊತ್ತು ಬೇಕಾಗಿತ್ತು. ಬೆಳಿಗ್ಗೆ ಹಲ್ಲು, ಮಧ್ಯಾಹ್ನ ಕಾದಂಬರಿ, ಹೀಗೆ ಒಂದು ವರ್ಷ ನಡೆಸಿದರೆ ಮುಗಿಸಿಬಿಡುತ್ತೇನೆ ಎಂದು ಅವರು ಕೇಳಿಕೊಂಡಿದ್ದರು. ಹೆಂಡತಿ ತುಸು ಯೋಚಿಸಿ ಒಂದು ಷರತ್ತು ಹಾಕಿದಳು.

“ಚೆನ್ನಾಗಿದೆ ಅನ್ನೋರು ಬೇಡ. ಅದನ್ನ ಯಾರು ಬೇಕಾದ್ರೂ ಅಂತಾರೆ. ನೀವು ಕೇಳದೇನೇ, ತಾವಾಗಿ, ‘ಮುಂದೇನಾಯ್ತು’ ಅಂತ ಕೇಳೋ ಒಬ್ಬರನ್ನ ತೋರಿಸಿ. ಅವತ್ತಿನಿಂದ ಮಧ್ಯಾಹ್ನ ಬಾಗಿಲು ಹಾಕ್ತೀನಿ.”

ಒಬ್ಬರೇ ಒಬ್ಬರು. ಕೇಳಿದಾಗ ಡಾಕ್ಟರಿಗೆ ನಗು ಬಂದಿತ್ತು. ಒಂದು ವರ್ಷ ಕಳೆಯುವಷ್ಟರಲ್ಲಿ ನಗು ಹೋಗಿತ್ತು.

ಆಗ ಅವರಿಗೆ ಹೊಳೆದದ್ದು, ತಾವು ಇಷ್ಟು ದಿನ ಓದುಗರನ್ನು ಹುಡುಕುತ್ತ ಊರೆಲ್ಲ ಅಲೆದದ್ದು ಎಂಥ ಮಂಕುತನ ಎಂಬುದು. ಓದುಗರು ದಿನಾ ತಾವಾಗಿಯೇ ಬಂದು, ಕುರ್ಚಿಯಲ್ಲಿ ಅಂಗಾತ ಮಲಗಿ, ಬಾಯಿ ತೆರೆದುಕೊಂಡು ಇರುತ್ತಿದ್ದರು. ಎದ್ದು ಹೋಗುವಂತಿಲ್ಲ, ಮಾತು ಬದಲಿಸುವಂತಿಲ್ಲ, ಆಕಳಿಸಿದರೂ ಗೊತ್ತಾಗುವುದಿಲ್ಲ. ದೇವರು ಇಂಥ ಸಭೆಯನ್ನು ಯಾವ ಲೇಖಕನಿಗೆ ಕೊಟ್ಟಿದ್ದಾನೆ?

ಡಾಕ್ಟರು ಕಾದಂಬರಿಯನ್ನು ತಮ್ಮದೇ ದನಿಯಲ್ಲಿ ಓದಿ ರೆಕಾರ್ಡ್ ಮಾಡಿಕೊಂಡರು. ಕುರ್ಚಿಯ ತಲೆದಿಂಬಿನ ಹಿಂದೆ ಒಂದು ಪುಟ್ಟ ಸ್ಪೀಕರ್ ಕೂರಿಸಿದರು. ಹೊಸಬರು ಬಂದರೆ ಮೊದಲಿನಿಂದ ಶುರು. ಹಲ್ಲಿನ ಬೇರಿನ ಚಿಕಿತ್ಸೆಗೆಂದು ಮತ್ತೆ ಮತ್ತೆ ಬರಬೇಕಾದವರಿಗೆ ಹಿಂದಿನ ಸಲ ನಿಂತಲ್ಲಿಂದ ಮುಂದಕ್ಕೆ. ಅಭಿಪ್ರಾಯ ತಿಳಿಯಲು ಒಂದು ಕ್ರಮವನ್ನೂ ಕಂಡುಕೊಂಡರು. ನೋವಾದರೆ ಕೈ ಎತ್ತಿ ಅನ್ನುವುದು ಎಲ್ಲ ಹಲ್ಲಿನ ಡಾಕ್ಟರುಗಳ ಮಾಮೂಲು ಮಾತು. ಇವರು ಅದನ್ನೇ ಸ್ವಲ್ಪ ವಿಸ್ತರಿಸಿ, ನೋವಾದರೆ ಎಡಗೈ ಎತ್ತಿ, ಕಥೆ ಹಿಡಿಸಿದರೆ ಬಲಗೈ ಎತ್ತಿ ಎಂದು ಹೇಳಿ, ಅವರು ಹೂಂ ಅಂದ ಮೇಲೆಯೇ ಬಾಯಿಗೆ ಹತ್ತಿ ತುರುಕುತ್ತಿದ್ದರು.

ಮೊದಲನೆಯ ದಿನವೇ ಬಲಗೈ ಎದ್ದಿತು. ಮೊದಲ ಅಧ್ಯಾಯದಲ್ಲೇ, ನಾಯಕ ಊರ ಹೊರಗಿನ ಬೆಟ್ಟದ ತುದಿಯಲ್ಲಿ ನಿಂತು ಮನುಷ್ಯರ ಬಾಳು ಎತ್ತ ಸಾಗಿದೆ ಎಂದು ಭಾಷಣ ಮಾಡುವ ಕಡೆ. ಡಾಕ್ಟರ ಕಣ್ಣು ತುಂಬಿ ಬಂತು. “ಸಂತೋಷ” ಎಂದು ತಲೆಬಾಗಿಸಿ ಕೊರೆಯುವುದನ್ನು ಮುಂದುವರಿಸಿದರು. ಕೈ ಇನ್ನೂ ಎತ್ತರಕ್ಕೆ ಹೋಯಿತು.

ಆಮೇಲೆ ಬಂದವರದ್ದೂ ಅದೇ ಕಥೆ. ನಾಯಕ ಬೆಟ್ಟ ಹತ್ತಿದ್ದೇ ತಡ, ಇಲ್ಲಿ ಕೈ ಮೇಲೇಳುತ್ತಿತ್ತು. ಹೊಲಿಗೆ ಕಲಿಸುವ ಟೀಚರಂತೂ ಎತ್ತಿದ ಕೈಯನ್ನು ಗಾಳಿಯಲ್ಲಿ ಆಡಿಸಿದರು. ಇಂಥ ಮೆಚ್ಚುಗೆ ದೊಡ್ಡ ದೊಡ್ಡವರಿಗೂ ಸಿಕ್ಕಿರಲಾರದು ಎಂದು ಡಾಕ್ಟರು ಮನೆಯಲ್ಲಿ ಹೇಳಿಕೊಂಡರು. ಆ ಟೀಚರು ಉಗುಳು ನೆತ್ತಿಗೇರಿ ಒದ್ದಾಡಿದ್ದರು ಎಂದು ಹೆಂಡತಿ ಹೇಳಿದ್ದು ಅವರ ಕಿವಿಗೆ ಬೀಳಲಿಲ್ಲ.

ಕುರ್ಚಿಯ ಎಡಗಡೆ ನರ್ಸಕ್ಕ ಕೂರುತ್ತಿದ್ದಳು. ಅವಳ ಸ್ಟೂಲು, ಸಾಮಾನಿನ ತಟ್ಟೆ, ಉಗುಳು ಹೀರುವ ಕೊಳವೆ ಎಲ್ಲ ಸೇರಿ ಆ ಕಡೆಯ ಕೈ ಮಿಸುಕುವುದಕ್ಕೂ ಜಾಗ ಇರಲಿಲ್ಲ. ಇಪ್ಪತ್ತು ವರ್ಷದಿಂದ ಹಾಗೇ ಇದ್ದದ್ದರಿಂದ ಅದು ಡಾಕ್ಟರ ಕಣ್ಣಿಗೆ ಕಾಣುತ್ತಿರಲಿಲ್ಲ. ನರ್ಸಕ್ಕನಾದರೂ ಹೇಳಬಹುದಿತ್ತು. ಆದರೆ ಅವಳು ಮೊದಲ ಅಧ್ಯಾಯ ಒಂದು ವಾರ ಕೇಳಿದ ಮೇಲೆ ಕಿವಿಗೆ ಹತ್ತಿ ಇಟ್ಟುಕೊಳ್ಳತೊಡಗಿದ್ದಳು. ಯಾರು ಯಾತಕ್ಕೆ ಕೈ ಎತ್ತುತ್ತಾರೆ ಎಂಬ ಜಂಜಾಟವನ್ನು ಡಾಕ್ಟರಿಗೂ ದೇವರಿಗೂ ಬಿಟ್ಟು, ಕೊಳವೆ ಹಿಡಿದು ತನ್ನ ಪಾಡಿಗೆ ತಾನು ಇರುತ್ತಿದ್ದಳು.

ಡಾಕ್ಟರು ಪ್ರಾಮಾಣಿಕ ಮನುಷ್ಯ. ಓದುಗರು ಕೈ ಎತ್ತಿದ್ದನ್ನು ಬೆಳೆಸಿದರು, ಕೈ ಎತ್ತದ್ದನ್ನು ಕತ್ತರಿಸಿದರು. ಎರಡು ಪುಟವಿದ್ದ ಬೆಟ್ಟದ ಭಾಷಣ ನಾಲ್ಕಾಯಿತು. ನಾಲ್ಕಾದ ಮೇಲೆ ಕೊರೆಯುವ ಹೊತ್ತೆಲ್ಲ ಅದೇ ನಡೆಯುತ್ತಿದ್ದುದರಿಂದ ಇನ್ನಷ್ಟು ಕೈಗಳು ಎದ್ದವು. ಭಾಷಣ ಎಂಟಾಯಿತು, ಹದಿನಾರಾಯಿತು. ನಾಯಕ ಬೆಟ್ಟದಿಂದ ಇಳಿಯುವ ಲಕ್ಷಣವೇ ಕಾಣಲಿಲ್ಲ. ನಡುಗೋಡೆಯ ಆಚೆ ಕೂತ ಹೆಂಡತಿಗೆ ಭಾಷಣ ಬಾಯಿಪಾಠವಾಗಿ ಹೋಯಿತು. ಬಟ್ಟೆ ಮಡಚುವಾಗ ಗೊತ್ತಿಲ್ಲದೆ “ಓ ಮಾನವಾ, ನಿನ್ನ ಹೆಜ್ಜೆ ಎತ್ತ” ಎಂದು ಗುನುಗಿ, ತಾನೇ ಬೆಚ್ಚಿ ತುಟಿ ಕಚ್ಚಿಕೊಳ್ಳುತ್ತಿದ್ದಳು.

ಹಾಗೆ ಕತ್ತರಿಸಿ ಹೋದದ್ದರಲ್ಲಿ ಮನೆಯೊಡತಿಯ ಅಧ್ಯಾಯವೂ ಒಂದು. ನಾಯಕ ಬಾಡಿಗೆಗೆ ಇದ್ದ ಮನೆಯ ಯಜಮಾನಿ. ಕತ್ತಿನಲ್ಲಿ ಕೀಲಿ ಗೊಂಚಲು, ಬಿಸಿನೀರನ್ನು ಚೊಂಬಿನ ಲೆಕ್ಕದಲ್ಲಿ ಕೊಡುವವಳು, ಬಾಡಿಗೆದಾರನ ಕೆಮ್ಮು ಕೇಳಿಯೇ ಅವನು ಸಂಬಳ ತಂದಿದ್ದಾನೋ ಇಲ್ಲವೋ ಹೇಳುವವಳು. ಒಂದು ಬೆಳಿಗ್ಗೆ ಗಾಳಿಗೆ ಗೇಟು ಬಡಿದುಕೊಳ್ಳುತ್ತಿದೆ ಎಂದು ಸೌಟು ಹಿಡಿದುಕೊಂಡೇ ಹೊರಗೆ ಹೋಗುತ್ತಾಳೆ. ಈ ಅಧ್ಯಾಯ ನಡೆಯುವಾಗ ಎಂಥ ಹಲ್ಲೇ ಇರಲಿ, ಎಷ್ಟೇ ಆಳಕ್ಕೆ ಕೊರೆಯಲಿ, ಒಂದು ಬೆರಳೂ ಅಲುಗುತ್ತಿರಲಿಲ್ಲ. ಕೈಗಳು ಹೊಟ್ಟೆಯ ಮೇಲೆ ಬೆಕ್ಕಿನ ಮರಿಗಳ ಹಾಗೆ ಬಿದ್ದಿರುತ್ತಿದ್ದವು. ಜನರಿಗೆ ನಿದ್ದೆ ಬರುತ್ತಿದೆ ಎಂದುಕೊಂಡು ಡಾಕ್ಟರು ನಿಟ್ಟುಸಿರು ಬಿಟ್ಟು ಅದನ್ನು ಪೂರ್ತಿ ತೆಗೆದುಹಾಕಿದರು. ಅಲ್ಲಿಗೆ ಇನ್ನೂ ಒಂದು ಭಾಷಣಕ್ಕೆ ಜಾಗವಾಯಿತು.

ಇಷ್ಟೆಲ್ಲ ಕೈ ಎದ್ದರೂ ‘ಮುಂದೇನಾಯ್ತು’ ಎಂದು ಮಾತ್ರ ಯಾರೂ ಕೇಳಲಿಲ್ಲ. ಮರಗಟ್ಟಿದ ಬಾಯಲ್ಲಿ ಹೇಗೆ ಕೇಳಿಯಾರು ಎಂದು ಡಾಕ್ಟರು ಸಮಾಧಾನ ಮಾಡಿಕೊಂಡರು. ಮರುದಿನ ಬಾಯಿ ಸರಿಹೋದ ಮೇಲೂ ಕೇಳಲಿಲ್ಲ. ಕೆಲವರಂತೂ ಬರುವುದನ್ನೇ ಬಿಟ್ಟು, ರಸ್ತೆಯ ಕೊನೆಯಲ್ಲಿದ್ದ ಇನ್ನೊಬ್ಬ ಡಾಕ್ಟರ ಕಡೆ ಹೋದರು. ಅಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲವಂತೆ.

ಬಿಡದೆ ಬರುತ್ತಿದ್ದವರು ಒಬ್ಬರೇ, ಪಾಲಿಸಿ ಮಾಮ.

ಪಾಲಿಸಿ ಮಾಮ ವಿಮೆ ಏಜೆಂಟರು. ಬೀದಿಯ ಆ ತುದಿಯಲ್ಲಿ ಅವರ ಕೊಡೆ ಕಂಡರೆ ಈ ತುದಿಯಲ್ಲಿ ಜನಕ್ಕೆ ತುರ್ತು ಕೆಲಸ ನೆನಪಾಗುತ್ತಿತ್ತು. ಸಾವಿನ ವಿಷಯವನ್ನು ಅವರಷ್ಟು ಉಲ್ಲಾಸವಾಗಿ ಮಾತಾಡುವವರು ಇನ್ನೊಬ್ಬರಿರಲಿಲ್ಲ. ಮದುವೆಗೆ ಬಂದರೆ ಗಂಡಿನ ಕಿವಿಯಲ್ಲಿ, ಆಸ್ಪತ್ರೆಗೆ ಬಂದರೆ ರೋಗಿಯ ಕಿವಿಯಲ್ಲಿ, ದವಾಖಾನೆಯ ಬೆಂಚಿನ ಮೇಲೆ ಕೂತರೆ ಪಕ್ಕದವರ ಕಿವಿಯಲ್ಲಿ. ಅವರು ಬಾಯಿ ಮುಚ್ಚುತ್ತಿದ್ದದ್ದು ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದಾಗ ಮಾತ್ರ.

ಅವರ ದವಡೆ ಹಲ್ಲಿನ ಬೇರು ಶುಚಿಮಾಡಿ, ತುಂಬಿ, ಕ್ಯಾಪ್ ಹಾಕಿ ಎಲ್ಲ ಮುಗಿದಿತ್ತು. ಆದರೂ ಬಂದರು. ಸ್ವಲ್ಪ ಜುಮ್ಮೆನ್ನುತ್ತದೆ ಅಂದರು. ಡಾಕ್ಟರು ನೋಡಿದರು, ಏನೂ ಇರಲಿಲ್ಲ. ನೋಡುವಷ್ಟು ಹೊತ್ತು ಭಾಷಣ ನಡೆಯಿತು. ಮುಂದಿನ ವಾರ ಆ ಬದಿಯಲ್ಲಿ ಒತ್ತಿದ ಹಾಗಿದೆ ಅಂದರು. ಅದರ ಮುಂದಿನ ವಾರ ಈ ಬದಿಯಲ್ಲಿ. ಪ್ರತಿ ಸಲವೂ ಕಿವಿ ನಿಗುರಿಸಿ ಮಲಗಿ, ಭಾಷಣ ಮುಗಿಯುವ ತನಕ ಹಲ್ಲು ತೋರಿಸಿಕೊಂಡೇ ಇದ್ದು, ಕೊನೆಗೆ ಏನೋ ಕಳೆದುಕೊಂಡವರ ಮುಖ ಮಾಡಿಕೊಂಡು ಇಳಿದು ಹೋಗುತ್ತಿದ್ದರು. ಪಾಲಿಸಿ ಮಾರುವುದಕ್ಕೆ ಬರುತ್ತಿದ್ದಾರೆ ಎಂದು ಡಾಕ್ಟರ ಅನುಮಾನ. ಇದ್ದಬದ್ದ ರೋಗಿಗಳನ್ನೂ ಓಡಿಸಿಬಿಡುತ್ತಾರೆಂಬ ಭಯವೂ ಸೇರಿ, ಒಂದು ದಿನ ಗಟ್ಟಿ ಮನಸ್ಸು ಮಾಡಿದರು. ಸ್ಪೀಕರನ್ನು ಹಾಕದೆ, ಕನ್ನಡಿ ಕಡ್ಡಿಯನ್ನು ತಟ್ಟೆಗೆ ಹಾಕಿ, ಕೈಗವಸು ಬಿಚ್ಚಿದರು.

“ನಿಮ್ಮ ಹಲ್ಲು ಕಲ್ಲಿನ ಹಾಗಿದೆ. ಎಕ್ಸ್‌ರೇನಲ್ಲೂ ಏನಿಲ್ಲ. ಇನ್ನು ಬರೋ ಅಗತ್ಯ ಇಲ್ಲ.”

ಪಾಲಿಸಿ ಮಾಮ ಏಳಲಿಲ್ಲ. “ಪಕ್ಕದ್ದು ನೋಡಿ.”

“ಅದೂ ಚೆನ್ನಾಗಿದೆ.”

“ಹಾಗಾದ್ರೆ ಅದನ್ನ ಕಿತ್ತುಬಿಡಿ.”

ಚೆನ್ನಾಗಿರೋದನ್ನ ಯಾಕೆ ಕೀಳಬೇಕು ಎಂದು ಡಾಕ್ಟರು ಕೇಳಿದರು. ಪಾಲಿಸಿ ಮಾಮ ಒಂದು ಕ್ಷಣ ಚಾವಣಿ ನೋಡಿದರು. ಜೀವನದಲ್ಲಿ ಮೊದಲ ಸಲ ಅವರಿಗೆ ಮಾತು ಹುಡುಕಬೇಕಾಗಿ ಬಂದಿತ್ತು.

“ಕೀಳೋದಕ್ಕೆ ಒಂದರ್ಧ ಗಂಟೆಯಾದ್ರೂ ಹಿಡಿಯುತ್ತಲ್ಲ ಡಾಕ್ಟ್ರೇ. ಅಷ್ಟರೊಳಗೆ ಆ ಓನರಮ್ಮ ವಾಪಸ್ ಬರ್ತಾರೇನೋ ಅಂತ.”

“ಯಾವ ಓನರಮ್ಮ?”

“ಗೇಟು ಹಾಕೋಕೆ ಹೋದವರು. ಸೌಟು ಹಿಡ್ಕೊಂಡು. ನಾನು ಅವತ್ತಿಂದ ಕಾಯ್ತಾ ಇದೀನಿ. ಬರೀ ಆ ಬೆಟ್ಟದ ಮೇಲಿನವನೇ ಬರ್ತಾನೆ, ಅವರು ಬರೋದೇ ಇಲ್ಲ. ಏನಾಯ್ತು ಅವರಿಗೆ? ಮುಂದೇನಾಯ್ತು?”

ನಡುಗೋಡೆಯ ಆಚೆ ಹೆಂಡತಿ ಫೋನಿನಲ್ಲಿ ಯಾರಿಗೋ ಸಮಯ ಹೇಳುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿದಳು.

ಡಾಕ್ಟರಿಗೆ ಕುಣಿಯಬೇಕು ಅನ್ನಿಸಬೇಕಾಗಿತ್ತು. ಆದರೆ ಬಿಚ್ಚಿದ ಕೈಗವಸನ್ನು ಮತ್ತೆ ಹಾಕಿಕೊಳ್ಳತೊಡಗಿದರು. “ಅವರನ್ನ ತೆಗೆದುಬಿಟ್ಟೆ” ಅಂದರು.

“ತೆಗೆದುಬಿಟ್ರಾ? ಯಾರನ್ನ ಕೇಳಿ ತೆಗೆದ್ರಿ?”

“ನಿಮ್ಮನ್ನೇ. ನೀವ್ಯಾರೂ ಅಲ್ಲಿ ಕೈ ಎತ್ತಲೇ ಇಲ್ಲ.”

“ನೋವಾದ್ರೆ ತಾನೇ ಸ್ವಾಮಿ ಕೈ ಎತ್ತೋದು?” ಪಾಲಿಸಿ ಮಾಮ ಕುರ್ಚಿಯಲ್ಲಿ ಎದ್ದು ಕೂತರು. “ಅವತ್ತು ನೀವು ನನ್ನ ಹಲ್ಲಿನ ಬೇರಿಗೇ ಇಳಿದಿದ್ರಿ. ನನಗೆ ಗೊತ್ತೇ ಆಗ್ಲಿಲ್ಲ. ಆಯಮ್ಮ ಬಿಸಿನೀರಿಗೆ ಚೊಂಬಿನ ಲೆಕ್ಕ ಹಾಕ್ತಿದ್ರು, ನಾನು ಅದನ್ನ ಕೇಳ್ಕೊಂಡು ಬಿದ್ದಿದ್ದೆ. ಬೆಟ್ಟದ ಮೇಲಿನವನು ಬಾಯಿ ತೆಗೆದ್ರೆ ಸಾಕು, ಪ್ರಾಣ ಹೋದ ಹಾಗಾಗುತ್ತೆ. ಕೈ ಎತ್ತಿ ಎತ್ತಿ ರಟ್ಟೆ ಬಿದ್ದುಹೋಯ್ತು, ನೀವು ನೋಡಿದ್ರೆ ಸಂತೋಷ ಅಂತ ಇನ್ನೂ ಜೋರಾಗಿ ಕೊರೀತೀರಿ.”

ಬಲಗೈ ಅಂದರೆ ಮೆಚ್ಚುಗೆ ಎಂದು ಹೇಳಿದ್ದೆನಲ್ಲ ಎಂದು ಡಾಕ್ಟರು ಕ್ಷೀಣವಾಗಿ ನೆನಪಿಸಿದರು. ಪಾಲಿಸಿ ಮಾಮ ತಮ್ಮ ಎಡಗೈಯನ್ನು ಎತ್ತಲು ಹೋದರು. ಅದು ನರ್ಸಕ್ಕನ ಮೊಣಕಾಲಿಗೆ ಬಡಿದು, ತಟ್ಟೆಗೆ ತಾಗಿ, ಇಕ್ಕಳವೊಂದು ಠಣ್ಣನೆ ನೆಲಕ್ಕೆ ಬಿತ್ತು. ನರ್ಸಕ್ಕ ಕಿವಿಯ ಹತ್ತಿ ತೆಗೆದು, ಏನಾಯಿತು ಎಂದು ಇಬ್ಬರ ಮುಖವನ್ನೂ ನೋಡಿದಳು.

ಡಾಕ್ಟರು ಕೈತೊಳೆಯುವ ತೊಟ್ಟಿಯ ಅಂಚು ಹಿಡಿದು ನಿಂತರು. ಹೊಲಿಗೆ ಟೀಚರು ಕಣ್ಣ ಮುಂದೆ ಬಂದರು, ಕೈಯನ್ನು ಗಾಳಿಯಲ್ಲಿ ಆಡಿಸಿಕೊಂಡು. ಅವರ ಹಿಂದೆ ಉಳಿದವರೆಲ್ಲ. ಅಷ್ಟು ಜನರ ಹಲ್ಲುನೋವನ್ನು ತಾವು ಪುಟ ಪುಟವಾಗಿ ಬೆಳೆಸಿದ್ದರು. ಅಷ್ಟು ಜನ ನೋವು ಮರೆತು ಕೇಳಿದ್ದನ್ನು ಕಸದ ಬುಟ್ಟಿಗೆ ಹಾಕಿದ್ದರು. ಕಾದಂಬರಿ ತಿದ್ದಿದ ಹುರುಪಿನಲ್ಲಿ ಒಳ್ಳೆ ಹಲ್ಲನ್ನೆಲ್ಲ ಕಿತ್ತು ಹುಳುಕಿಗೆ ಚಿನ್ನ ಕಟ್ಟಿಸಿದ ಹಾಗಾಗಿತ್ತು.

ಕ್ಷಮಿಸಿ ಅಂದರು. ಪಾಲಿಸಿ ಮಾಮ ಅದಕ್ಕೆ ಕಿವಿಗೊಡದೆ, ಆ ಹೆಂಗಸು ಬದುಕಿದ್ದಾರೋ ಇಲ್ಲವೋ ಅದೊಂದು ಹೇಳಿ ಅಂದರು.

“ಗೊತ್ತಿಲ್ಲ” ಅಂದರು ಡಾಕ್ಟರು. ನಿಜವೂ ಅದೇ. ಆಕೆಯನ್ನು ಗೇಟಿನ ತನಕ ಕಳಿಸಿ, ಅಷ್ಟರಲ್ಲಿ ನಾಯಕನಿಗೆ ಏನೋ ಘನವಾದ ಯೋಚನೆ ಬಂದದ್ದರಿಂದ ಅತ್ತ ತಿರುಗಿ, ಆಕೆಯನ್ನು ಒಳಗೆ ಕರೆಯುವುದನ್ನೇ ಮರೆತಿದ್ದರು. ಪಾಪ, ಆ ಹೆಂಗಸು ಸೌಟು ಹಿಡಿದುಕೊಂಡು ಅವತ್ತಿನಿಂದ ಬೀದಿಯಲ್ಲೇ ನಿಂತಿದ್ದಳು.

ಬಾಗಿಲಲ್ಲಿ ಹೆಂಡತಿ ಕಾಣಿಸಿಕೊಂಡಳು. ಇದು ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳುವ ಧೈರ್ಯ ಡಾಕ್ಟರಿಗೆ ಇರಲಿಲ್ಲ. ಆಕೆಯೇ ಹೇಳಿದಳು.

“ಕೇಳಿಸ್ಕೊಂಡೆ. ಮಧ್ಯಾಹ್ನ ಬಾಗಿಲು ಹಾಕ್ತೀನಿ. ಆದ್ರೆ ಅವರು ಕೇಳಿದ್ದು ಆ ಹೆಂಗಸನ್ನ. ಬೆಟ್ಟದ ಮೇಲಿರೋನನ್ನ ಯಾರೂ ಕೇಳಿಲ್ಲ. ಮಧ್ಯಾಹ್ನ ಸಿಗೋದು ಅವಳಿಗೆ, ಅವನಿಗಲ್ಲ.”

ಪಾಲಿಸಿ ಮಾಮ ಇಳಿದು ಚಪ್ಪಲಿ ಹಾಕಿಕೊಳ್ಳುತ್ತ, ಆ ಓನರಮ್ಮನಿಗೆ ಏನಾದರೂ ವಿಮೆ ಇತ್ತೇ ಎಂದು ವಿಚಾರಿಸಿ ಹೋದರು.

ಸೋಮವಾರ ಊಟವಾದ ಮೇಲೆ ಹೆಂಡತಿ ಹೊರಬಾಗಿಲಿಗೆ ಬೋರ್ಡು ತಗುಲಿಸಿದಳು. ಡಾಕ್ಟರು ಎಕ್ಸ್‌ರೇ ನೋಡುವ ಮೇಜನ್ನು ಒರೆಸಿ, ಬಿಳಿ ಹಾಳೆ ಇಟ್ಟು, ಪೆನ್ನು ಹಿಡಿದು ಕೂತರು. ಮನೆಯೊಡತಿ ಗೇಟಿನ ಹತ್ತಿರ ನಿಂತಿದ್ದಳು. ಮೂರು ಗಂಟೆಗೂ ಅಲ್ಲೇ ನಿಂತಿದ್ದಳು. ಒಳಗೆ ಕರೆದರೆ ಬರುತ್ತಿಲ್ಲ, ಹೊರಗೆ ಕಳಿಸಿದರೆ ಹೋಗುತ್ತಿಲ್ಲ. ಹೆಂಡತಿ ತೊಳೆದ ಟವೆಲುಗಳನ್ನು ಬೀರುವಿಗೆ ಜೋಡಿಸಲು ಬಂದಾಗ ಡಾಕ್ಟರು ತಡೆಯಲಾರದೆ ಕೇಳಿದರು. ಗೇಟು ಹಾಕುವುದಕ್ಕೆ ಹೋದ ಹೆಂಗಸು ಮನೆಯೊಳಗೆ ಬರದೇ ಇರುವುದಕ್ಕೆ ಏನು ಕಾರಣ ಇರಬಹುದು?

“ಒಳಗೆ ಒಬ್ಬ ಓ ಮಾನವಾ ಅಂತ ಕೂಗಾಡ್ತಾ ಇದ್ರೆ ನಾನೂ ಬರಲ್ಲ” ಅಂದಳು ಹೆಂಡತಿ.

ಡಾಕ್ಟರು ನಗಲಿಲ್ಲ. ನಗಬೇಕು ಎನ್ನುವುದು ಹೊಳೆಯಲಿಲ್ಲ. ಹಳೆಯ ಧ್ವನಿಮುದ್ರಣ ಅಳಿಸಿರಲಿಲ್ಲವಾದ್ದರಿಂದ ಆ ಭಾಗವನ್ನು ಹುಡುಕಿ ಹಾಕಿದರು. ಖಾಲಿ ದವಾಖಾನೆಯಲ್ಲಿ ಅವರದೇ ದನಿ ಸಣ್ಣಗೆ ಶುರುವಾಯಿತು. ಗಾಳಿ ಬೀಸಿತು, ಗೇಟು ಬಡಿಯಿತು, ಮನೆಯೊಡತಿ ಗೊಣಗಿದಳು, ಒಲೆ ಆರಿಸಿದಳು, ಕೀಲಿ ಗೊಂಚಲನ್ನು ಮೊಳೆಗೆ ಹಾಕಿ ಸೌಟು ಹಿಡಿದು ಹೊರಗೆ ನಡೆದಳು. ಹೆಂಡತಿ ಟವೆಲನ್ನು ಎದೆಗೆ ಒತ್ತಿಕೊಂಡು ಕೇಳುತ್ತಿದ್ದವಳು ಕೈ ಚಾಚಿ ನಿಲ್ಲಿಸಿದಳು.

“ಒಲೆ ಯಾಕೆ ಆರಿಸಿದ್ಲು?”

ಸುಮ್ಮನೆ ಬರೆದದ್ದು ಎಂದು ಡಾಕ್ಟರು ಒಪ್ಪಿಕೊಂಡರು.

“ಗೇಟು ಹಾಕಿ ಬರೋಳು ಒಲೆ ಆರಿಸಲ್ಲ. ಉರಿ ಸಣ್ಣ ಮಾಡಿ ಹೋಗ್ತಾಳೆ. ಜನ್ಮದಲ್ಲಿ ಕತ್ತಿನಿಂದ ತೆಗೀದ ಕೀಲಿ ಬೇರೆ ತೆಗೆದು ನೇತುಹಾಕಿದಾಳೆ. ಅವಳು ಗೇಟು ಹಾಕೋಕೆ ಹೋಗ್ಲಿಲ್ಲ ರೀ. ಮನೆ ಬಿಟ್ಟೇ ಹೋದ್ಲು.”

“ಮತ್ತೆ ಸೌಟು?”

“ಗಾಬರಿ. ಕೈಲಿದ್ದದ್ದು ಹಾಗೇ ಹೋಯ್ತು. ಬಸ್ಸಲ್ಲಿ ಕೂತ ಮೇಲೆ ನೋಡ್ಕೊಂಡಿರ್ತಾಳೆ.”

“ಯಾವ ಬಸ್ಸು?” ಎಂದು ಡಾಕ್ಟರು ಮುಂದಕ್ಕೆ ಬಾಗಿದರು.

ಅದನ್ನೆಲ್ಲ ನಾನು ಹೇಳಿದರೆ ನೀವು ಕೂತು ಏನು ಮಾಡುತ್ತೀರಿ ಎಂದು ಹೆಂಡತಿ ಟವೆಲುಗಳನ್ನು ಜೋಡಿಸಿ, ಬೀರು ಮುಚ್ಚಿ ಹೋದಳು. ಹೋದವಳು ದೂರ ಹೋಗಲಿಲ್ಲ. ನಡುಗೋಡೆಯ ಆಚೆ ಕುರ್ಚಿ ಎಳೆದ ಸದ್ದಾಯಿತು.

ಡಾಕ್ಟರು ಪೆನ್ನು ಎತ್ತಿದರು. ಗೇಟು ತೆರೆದೇ ಇತ್ತು. ಆ ಹೆಂಗಸು ಹಿಂತಿರುಗಿ ನೋಡದೆ ಬೀದಿ ದಾಟಿದಳು, ತಿರುವಿನಲ್ಲಿ ಓಡಿದಳು, ಹೊರಟಿದ್ದ ಬಸ್ಸಿನ ಕಂಬಿ ಹಿಡಿದಳು. ಕಿಟಕಿ ಪಕ್ಕ ಕೂತು ಏದುಸಿರು ಬಿಡುವಾಗ ಮಡಿಲಲ್ಲಿದ್ದ ಸೌಟು ಕಂಡು ಅವಳಿಗೇ ನಾಚಿಕೆಯಾಯಿತು. ಕಂಡಕ್ಟರು ಬಂದು, ಸೌಟನ್ನೊಮ್ಮೆ ಅವಳ ಮುಖವನ್ನೊಮ್ಮೆ ನೋಡಿ, ಎಲ್ಲಿಗಮ್ಮ ಅಂದ.

ಎಲ್ಲಿಗೆ ಎಂದು ಡಾಕ್ಟರಿಗೆ ಗೊತ್ತಿರಲಿಲ್ಲ. ಅವಸರ ಅವಸರವಾಗಿ ಹಾಳೆ ಮಗುಚಿದರು.